ವೆಚ್ಚದ ಮಿತಿಯೂ ಭೋಗದ ಮಿತಿಯೂ

ಉಗ್ರಾಣದಲ್ಲಿ ಅಕ್ಕಿಯಿಲ್ಲದ ಕಾರಣ ಉಣ್ಣದೆ ಮಲಗಿದವನನ್ನು ಯಾರೂ ಉಪವಾಸಿಯೆಂದು ಕರೆಯುವುದಿಲ್ಲ. ಅನ್ನವಿದ್ದೂ ಸಂಕಲ್ಪಪೂರ್ವಕವಾಗಿ ಅದನ್ನು ತ್ಯಜಿಸಿ, ಆ ಕಾಲವನ್ನು ಧರ್ಮಧ್ಯಾನದಲ್ಲಿ ಕಳೆಯುವುದೇ ಉಪವಾಸ. ಈ ಭೇದವನ್ನು ಶ್ರಾವಕರ ಮನೆಯ ಮಕ್ಕಳೂ ಬಲ್ಲರು. ಆದರೆ ಇದೇ ಭೇದವನ್ನು ಗೃಹಕೃತ್ಯದ ಇತರ ವೆಚ್ಚಗಳಿಗೆ ಅನ್ವಯಿಸಿ ನೋಡುವವರು ವಿರಳ. ದೂರದರ್ಶನ, ಅಂತರ್ಜಾಲ, ದೂರವಾಣಿ ಎಂಬ ಮೂರಕ್ಕೆ ತಿಂಗಳು ತಿಂಗಳೂ ತೆರುವ ಹಣವನ್ನು ತಗ್ಗಿಸಬೇಕೆಂಬ ಆಲೋಚನೆ ಇಂದು ಅನೇಕ ಮನೆಗಳಲ್ಲಿ ನಡೆದಿದೆ. ಆಲೋಚನೆ ಯುಕ್ತವಾದುದೇ ಸರಿ. ಆದರೆ ವೆಚ್ಚ ತಗ್ಗಿದಾಗ ವ್ರತಕ್ಕೆ ಪುಷ್ಟಿ ದೊರೆಯಿತೇ, ಅಥವಾ ಲೋಭಕ್ಕೆ ಮಾತ್ರ ತೃಪ್ತಿ ದೊರೆಯಿತೇ ಎಂಬುದು ವಿವೇಚಿಸತಕ್ಕ ಪ್ರಶ್ನೆಯಾಗಿದೆ.

ಹಿಂದೆ ಬೆಲೆಯೇ ಒಂದು ಬೇಲಿಯಾಗಿತ್ತು. ಟ್ರಂಕ್ ಕರೆಗೆ ಮೂರು ಮೂರು ನಿಮಿಷಗಳ ಲೆಕ್ಕದಲ್ಲಿ ಹಣ ತೆರಬೇಕಾಗಿದ್ದ ಕಾಲದಲ್ಲಿ, ಮುಂಬಯಿಯಲ್ಲಿದ್ದ ಮಗನೊಡನೆ ತಂದೆ ಆಡುತ್ತಿದ್ದ ಮಾತು ಕ್ಷೇಮಸಮಾಚಾರವನ್ನು ಮೀರುತ್ತಿರಲಿಲ್ಲ. 1995ರಲ್ಲಿ ಮೊಬೈಲ್ ದೂರವಾಣಿ ದೇಶಕ್ಕೆ ಬಂದ ಮೇಲೆಯೂ, 2003ರ ಮೇ ತಿಂಗಳು ಬರುವವರೆಗೆ, ತನಗೆ ಬಂದ ಕರೆಗೂ ಗ್ರಾಹಕನೇ ಹಣ ಕೊಡಬೇಕಾಗಿತ್ತು. 2016ರ ಸೆಪ್ಟೆಂಬರಿನ ನಂತರ ಕಂಪನಿಗಳ ಸ್ಪರ್ಧೆಯಿಂದ ಅಂತರ್ಜಾಲದ ದರ ಕುಸಿಯಿತು. ಕರೆಗಳಿಗೆ ಪ್ರತ್ಯೇಕ ಲೆಕ್ಕವೇ ಇಲ್ಲದಂತಾಯಿತು. ಅನಂತರ 2019, 2021 ಮತ್ತು 2024ರಲ್ಲಿ ಖಾಸಗಿ ಕಂಪನಿಗಳು ದರಗಳನ್ನು ಏರಿಸಿದುವು. ಆದರೂ ಕರೆಗಳು ಅಪರಿಮಿತವೆಂಬ ಘೋಷಣೆ ಹಾಗೆಯೇ ಉಳಿಯಿತು. ಪರಿಗ್ರಹಪರಿಮಾಣವನ್ನು ಅಣುವ್ರತವಾಗಿ ಸ್ವೀಕರಿಸಿದ ಸಮಾಜವು 'ಅಪರಿಮಿತ'ವೆಂಬ ಹೆಸರಿನ ವಸ್ತುವನ್ನೇ ಪ್ರತಿ ತಿಂಗಳು ಕೊಂಡು ತರುತ್ತಿದೆ. ಬೇಲಿ ಬಿದ್ದುಹೋದ ಹೊಲಕ್ಕೆ ಕಾವಲು ಹೆಚ್ಚಬೇಕೇ ಹೊರತು ಕಡಿಮೆಯಾಗಬಾರದು. ಬೆಲೆ ಹಾಕಿದ್ದ ಮಿತಿ ಇಲ್ಲವಾದಾಗ, ಆ ಮಿತಿಯನ್ನು ಹಾಕಿಕೊಳ್ಳುವ ಹೊಣೆ ಶ್ರಾವಕನ ಸಂಕಲ್ಪದ ಮೇಲೆಯೇ ಬಿದ್ದಿತು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಪರಿಮಾಣವನ್ನು ಗುಣವ್ರತವಾಗಿ ವಿಧಿಸಿದ್ದಾರೆ. ಒಮ್ಮೆ ಅನುಭವಿಸಿ ಬಿಡುವುದು ಭೋಗ. ಮರಳಿ ಮರಳಿ ಅನುಭವಿಸತಕ್ಕದ್ದು ಉಪಭೋಗ. ಆಹಾರ, ವಾಹನ, ಶಯನ, ಸ್ನಾನ, ತಾಂಬೂಲ, ವಸ್ತ್ರ, ಆಭರಣಗಳ ಜತೆಯಲ್ಲಿಯೇ ಸಂಗೀತವನ್ನೂ ಗೀತವನ್ನೂ ಆಚಾರ್ಯರು ಮಿತಿಗೆ ಒಳಪಡಿಸಿರುವುದು ಗಮನಾರ್ಹ. ಕಣ್ಣು ಕಿವಿಗಳ ಭೋಗಕ್ಕೂ ಅಳತೆ ಬೇಕೆಂಬುದು ಹೊಸ ಯಂತ್ರಗಳಿಂದ ಹುಟ್ಟಿದ ಮಾತಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಯಾವಜ್ಜೀವವಾಗಿ ಬಿಟ್ಟರೆ ಯಮ, ಕಾಲದ ಮಿತಿಯಿಂದ ಬಿಟ್ಟರೆ ನಿಯಮ. ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ಮಾಸ, ಒಂದು ಋತು, ಒಂದು ಅಯನ ಎಂದು ಶಕ್ತ್ಯನುಸಾರ ನಿಯಮ ಹಿಡಿಯಲು ಅಲ್ಲಿ ಅವಕಾಶವುಂಟು. ಈ ವಿಧಾನದಲ್ಲಿ ಎಲ್ಲಿಯೂ ಬೆಲೆಯ ಪ್ರಸ್ತಾಪವಿಲ್ಲ. ಆಲೂಗಡ್ಡೆ ಅಗ್ಗವಾಯಿತೆಂದು ಕಂದಮೂಲತ್ಯಾಗಿಯು ಅದನ್ನು ತಿನ್ನಲು ತೊಡಗುವುದಿಲ್ಲ. ಈರುಳ್ಳಿ ತುಟ್ಟಿಯಾಯಿತೆಂದು ಬಿಟ್ಟವನು ವ್ರತಿಯಾಗುವುದೂ ಇಲ್ಲ. ಅಗ್ಗದ ಭೋಗವೂ ಭೋಗವೇ. ಬಿಟ್ಟಿಯಾಗಿ ಬಂದುದೂ ಭೋಗವೇ.

ಹಾಗಾದರೆ ವೆಚ್ಚ ತಗ್ಗಿಸುವ ಲೌಕಿಕ ಉಪಾಯಗಳು ನಿಷ್ಪ್ರಯೋಜಕವೇ? ಹಾಗಲ್ಲ. ಗೃಹಸ್ಥನು ತನ್ನ ಧನದ ಲೆಕ್ಕವನ್ನು ಬಲ್ಲವನಾಗಿರಬೇಕು. ಮೊಬೈಲ್ ಕಂಪನಿಗಳ ಅನೇಕ ಯೋಜನೆಗಳಲ್ಲಿ ತಿಂಗಳೆಂದರೆ 28 ದಿನ. ಆದ್ದರಿಂದ ವರ್ಷಕ್ಕೆ 12ರ ಬದಲು 13 ಸಲ ಹಣ ತುಂಬಬೇಕಾಗುತ್ತದೆ. 30 ದಿನಗಳ ಅವಧಿಯ ಒಂದು ಯೋಜನೆಯನ್ನಾದರೂ ಇಡತಕ್ಕದ್ದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2022ರ ಜನವರಿಯಲ್ಲಿ ವಿಧಿಸಿತು. ಅಂತರ್ಜಾಲ ಸೇರದೆ ಕರೆ ಮತ್ತು ಕಿರುಸಂದೇಶ ಮಾತ್ರವುಳ್ಳ ಯೋಜನೆಯೂ ಇರಬೇಕೆಂದು 2024ರ ಡಿಸೆಂಬರಿನಲ್ಲಿ ಅದೇ ಪ್ರಾಧಿಕಾರ ಆಜ್ಞಾಪಿಸಿತು. ಅಂತಹ ಯೋಜನೆಯ ಅವಧಿ 365 ದಿನಗಳವರೆಗೂ ಇರಬಹುದು. ಸಂಖ್ಯೆಯನ್ನು ಬದಲಿಸದೆ ಕಂಪನಿಯನ್ನು ಬದಲಿಸುವ ಸೌಲಭ್ಯ 2011ರ ಜನವರಿಯಿಂದ ದೇಶದಾದ್ಯಂತ ಇದೆ. ದೂರದರ್ಶನದ ವಾಹಿನಿಗಳನ್ನು ಬೇಕಾದಷ್ಟೇ ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು 2019ರಿಂದ ಗ್ರಾಹಕನಿಗಿದೆ. ಪ್ರಸಾರ ಭಾರತಿಯ ಫ್ರೀ ಡಿಶ್‌ಗೆ ಒಮ್ಮೆ ಡಿಶ್ಶನ್ನೂ ಪೆಟ್ಟಿಗೆಯನ್ನೂ ಕೊಂಡರೆ ಸಾಕು, ತಿಂಗಳ ಶುಲ್ಕವೇ ಇಲ್ಲ. ಇವೆಲ್ಲವೂ ನ್ಯಾಯವಾದ ಮಾರ್ಗಗಳು. ಇವನ್ನು ಬಳಸಿಕೊಳ್ಳುವುದರಲ್ಲಿ ದೋಷವಿಲ್ಲ.

ದೋಷವಿರುವ ಮಾರ್ಗಗಳೂ ಉಂಟು, ಅವು ಇನ್ನೂ ಅಗ್ಗ. ನೆರೆಮನೆಯ ಕೇಬಲ್ಲಿನಿಂದ ಗುಟ್ಟಾಗಿ ತಂತಿ ಎಳೆದುಕೊಳ್ಳುವುದು, ಕಳವಿನಿಂದ ಪ್ರತಿಮಾಡಿದ ಚಲನಚಿತ್ರವನ್ನು ಮೊಬೈಲಿನಲ್ಲಿ ತರಿಸಿಕೊಳ್ಳುವುದು, ಒಂದು ಮನೆಯವರಿಗೆಂದು ಒಪ್ಪಿ ಪಡೆದ ಚಂದಾದ ಗುಪ್ತಪದವನ್ನು ನಾಲ್ಕು ಮನೆಗಳಿಗೆ ಹಂಚುವುದು, ಇವು ಇಂದು ಜಾಣತನವೆಂದು ಹೇಳಿಕೊಳ್ಳುವ ಸಂಗತಿಗಳಾಗಿವೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುತ್ತ ತದಾಹೃತಾದಾನವನ್ನು ಹೇಳಿದ್ದಾರೆ. ತಾನು ಕದಿಯದಿದ್ದರೂ ಕದ್ದು ತಂದ ವಸ್ತುವನ್ನು ಸ್ವೀಕರಿಸುವುದು ಎಂದು ಅದರ ಅರ್ಥ. ಕದ್ದ ಬಂಗಾರವನ್ನು ಅರ್ಧ ಬೆಲೆಗೆ ಕೊಳ್ಳಲು ಅಂಜುವ ವರ್ತಕನು ಕದ್ದ ಚಿತ್ರವನ್ನು ಬೆಲೆಯಿಲ್ಲದೆ ನೋಡಲು ಅಂಜದಿರುವುದು ವಿಚಿತ್ರ. ತಿಂಗಳಿಗೆ ಇನ್ನೂರು ರೂಪಾಯಿ ಉಳಿಸಲು ಅಣುವ್ರತವೊಂದನ್ನು ಮಲಿನಗೊಳಿಸುವುದು ಯಾವ ಲೆಕ್ಕದಲ್ಲಿಯೂ ಲಾಭವಲ್ಲ.

ಇನ್ನು ನ್ಯಾಯಮಾರ್ಗದಲ್ಲಿ ವೆಚ್ಚ ತಗ್ಗಿಸಿದ ಮನೆಯೊಂದನ್ನು ಭಾವಿಸಿಕೊಳ್ಳಬಹುದು. ಯಜಮಾನ, ಅವನ ಪತ್ನಿ, ವೃದ್ಧೆಯಾದ ತಾಯಿ, ಕಾಲೇಜಿಗೆ ಹೋಗುವ ಮಗ, ಹೀಗೆ ನಾಲ್ವರು, ನಾಲ್ಕು ಮೊಬೈಲುಗಳು. ಲೆಕ್ಕದ ಸೌಕರ್ಯಕ್ಕಾಗಿ ಒಂದೊಂದಕ್ಕೆ 28 ದಿನಗಳಿಗೆ 300 ರೂಪಾಯಿಯಂತೆ ಹಿಡಿದರೆ ವರ್ಷಕ್ಕೆ 15,600 ರೂಪಾಯಿ. ಮನೆಯ ಅಂತರ್ಜಾಲಕ್ಕೆ ತಿಂಗಳಿಗೆ 500, ಅದರ ಮೇಲೆ ಶೇಕಡ 18ರ ತೆರಿಗೆ, ವರ್ಷಕ್ಕೆ 7,080. ದೂರದರ್ಶನಕ್ಕೆ ತಿಂಗಳಿಗೆ 300ರಂತೆ 3,600. ಒಟ್ಟು 26,280 ರೂಪಾಯಿ. ಯಜಮಾನನು ವಿಚಾರಮಾಡಿ ತಾಯಿಯ ಮತ್ತು ಪತ್ನಿಯ ಮೊಬೈಲುಗಳನ್ನು ವರ್ಷಕ್ಕೆ ತಲಾ 2,000 ರೂಪಾಯಿಯ, ಕರೆ ಮಾತ್ರವುಳ್ಳ ಯೋಜನೆಗೆ ಬದಲಿಸಿದನೆನ್ನೋಣ. ಅದರಿಂದ 3,800 ಉಳಿಯಿತು. ದೂರದರ್ಶನದ ಚಂದಾ ನಿಲ್ಲಿಸಿ ಫ್ರೀ ಡಿಶ್ ಹಾಕಿಸಿದರೆ, ಮೊದಲ ವರ್ಷದ ಪೆಟ್ಟಿಗೆಯ ಬೆಲೆ ಬಿಟ್ಟು, ವರ್ಷಕ್ಕೆ 3,600 ಉಳಿಯಿತು. ಒಟ್ಟು ಉಳಿತಾಯ 7,400 ರೂಪಾಯಿ. ಮನೆವಾರ್ತೆಯ ದೃಷ್ಟಿಯಿಂದ ಇದು ಪ್ರಶಂಸನೀಯವೇ.

ಆದರೆ ಈ 7,400 ರೂಪಾಯಿಯಲ್ಲಿ ಯಜಮಾನನು ಬಿಟ್ಟದ್ದು ಎಷ್ಟು? ಒಂದು ರೂಪಾಯಿಯೂ ಅಲ್ಲ. ಪ್ರಾತಃಕಾಲ ಮುನಿಗಳ ಪ್ರವಚನವನ್ನು ಕೇಳುತ್ತಿದ್ದ ತಾಯಿಗೆ ಆ ವಾಹಿನಿ ಹೊಸ ಪೆಟ್ಟಿಗೆಯಲ್ಲಿ ದೊರೆಯದೆ ಹೋಗಬಹುದು. ಪೇಟೆಗೆ ಹೋದ ಪತ್ನಿಗೆ ತವರಿನಿಂದ ಬಂದ ಸಂದೇಶ ಮನೆಗೆ ಮರಳುವವರೆಗೆ ಕಾಣಿಸದು. ರಾತ್ರಿ ಹನ್ನೊಂದರವರೆಗೆ ಯಜಮಾನನ ಕೈಯಲ್ಲಿರುವ ಮೊಬೈಲ್ ಮಾತ್ರ ಹಿಂದಿನಂತೆಯೇ ಬೆಳಗುತ್ತಿರುತ್ತದೆ. ಅಂತಹ ಮನೆಯಲ್ಲಿ ವೆಚ್ಚ ತಗ್ಗಿದೆ, ಪರಿಮಾಣವ್ರತ ನಡೆದಿಲ್ಲ. ವ್ರತವೆಂಬುದು ತನ್ನ ಇಚ್ಛೆಯ ನಿರೋಧ, ಪರರ ಇಚ್ಛೆಯ ನಿರೋಧವಲ್ಲ. ಒಬ್ಬನ ಉಪವಾಸವನ್ನು ಮತ್ತೊಬ್ಬನು ಮಾಡಲಾಗದಂತೆಯೇ, ಒಬ್ಬನ ತ್ಯಾಗವನ್ನು ಮತ್ತೊಬ್ಬನು ವಿಧಿಸಲಾಗದು. ಮನೆಯಲ್ಲಿ ಎದುರಾಡದವರು ಯಾರೋ ಅವರ ಸೌಕರ್ಯವೇ ಮೊದಲು ಕಡಿದುಹೋಗುವುದು ಲೋಕದ ವಾಡಿಕೆ. ಶ್ರಾವಕರ ಮನೆಯಲ್ಲಿ ಅದು ವಾಡಿಕೆಯಾಗಬಾರದು. 2018ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ನಡೆದಾಗ, ವಿಂಧ್ಯಗಿರಿಯನ್ನು ಏರಲಾರದ ವೃದ್ಧರಿಗೆ ಭಗವಾನ್ ಬಾಹುಬಲಿಯ ಅಭಿಷೇಕವನ್ನು ತೋರಿಸಿದ್ದು ದೂರದರ್ಶನವೇ. 2020ರಲ್ಲಿ ಬಸದಿಗಳ ಬಾಗಿಲು ಮುಚ್ಚಿದ್ದಾಗ ಸ್ವಾಧ್ಯಾಯವನ್ನೂ ಮಕ್ಕಳ ಪಾಠವನ್ನೂ ಮನೆಗೆ ತಂದದ್ದು ಅಂತರ್ಜಾಲವೇ. ಧರ್ಮಸಾಧನಕ್ಕೆ ಅಂತರಾಯವೊಡ್ಡಿ ಉಳಿಸಿದ ಹಣ ಉಳಿತಾಯವೆನಿಸದು.

ಆದ್ದರಿಂದ ಕ್ರಮವನ್ನು ತಿರುಗಿಸಬೇಕಾಗಿದೆ. ಮೊದಲು ಯೋಜನೆ ಆರಿಸಿ ಅದು ಕೊಟ್ಟಷ್ಟನ್ನು ಭೋಗಿಸುವುದಲ್ಲ. ಮೊದಲು ಭೋಗದ ಅಳತೆಯನ್ನು ನಿಶ್ಚಯಿಸಿ, ಅದಕ್ಕೆ ತಕ್ಕ ಯೋಜನೆಯನ್ನು ಆರಿಸುವುದು. ಇದಕ್ಕೆ ಒರೆಗಲ್ಲು ಅನರ್ಥದಂಡವಿರತಿಯಲ್ಲಿಯೇ ದೊರೆಯುತ್ತದೆ. ಪ್ರಯೋಜನವಿದ್ದದ್ದು ಅರ್ಥ, ಪ್ರಯೋಜನವಿಲ್ಲದ್ದು ಅನರ್ಥ. ಅಂಗಡಿಯ ವ್ಯವಹಾರ, ಮಗನ ವ್ಯಾಸಂಗ, ದೂರದಲ್ಲಿರುವ ಮಗಳ ಕ್ಷೇಮ, ವೈದ್ಯನ ಸಲಹೆ, ಶಾಸ್ತ್ರಶ್ರವಣ ಇವು ಪ್ರಯೋಜನಗಳು. ಕಲಹವನ್ನೂ ಕಾಮವನ್ನೂ ಕೆರಳಿಸುವ ಮಾತುಕಥೆಗಳನ್ನು ಕೇಳುವುದನ್ನು ಸಮಂತಭದ್ರರು ದುಃಶ್ರುತಿಯೆಂದು ಅನರ್ಥದಂಡದ ಐದು ಭೇದಗಳಲ್ಲಿ ಸೇರಿಸಿದ್ದಾರೆ. ಈ ಒರೆಗಲ್ಲಿಗೆ ತಿಕ್ಕಿ ನೋಡಿದರೆ, ಬಿಲ್ಲಿನಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕೆಂಬುದು ಬಹುಮಟ್ಟಿಗೆ ತಾನಾಗಿಯೇ ತಿಳಿಯುತ್ತದೆ. ಹಾಗೆ ತಿಳಿದ ಯಜಮಾನನು ಮೊದಲು ತಗ್ಗಿಸುವುದು ತನ್ನ ಪಾಲನ್ನು.

ಮತ್ತೊಂದು ಸೂಕ್ಷ್ಮವುಂಟು. ಅನೇಕ ಯೋಜನೆಗಳಲ್ಲಿ ದಿನಕ್ಕೆ ಇಷ್ಟು ಜಿಬಿ ಅಂತರ್ಜಾಲವೆಂದು ಪಾಲು ಕೊಡುತ್ತಾರೆ. ಬಳಸದೆ ಉಳಿದದ್ದು ಮಧ್ಯರಾತ್ರಿಗೆ ಕಳೆದುಹೋಗುತ್ತದೆ. ಕೊಟ್ಟ ಹಣ ವ್ಯರ್ಥವಾದೀತೆಂದು ಮಲಗುವ ಮುನ್ನ ಉಳಿದುದನ್ನು ನೋಡಿ ಮುಗಿಸುವ ಅಭ್ಯಾಸ ಬೆಳೆಯುತ್ತಿದೆ. ಸೂರ್ಯಾಸ್ತವಾದ ಮೇಲೆ ಪಾತ್ರೆಯಲ್ಲಿ ಅನ್ನ ಮಿಕ್ಕಿದೆಯೆಂದು ರಾತ್ರಿಭೋಜನತ್ಯಾಗಿಯು ಉಣ್ಣುವುದುಂಟೇ? ಮಿಕ್ಕದ್ದು ಮಿಗಲಿ ಎನ್ನುವ ಧೈರ್ಯ ಅನ್ನದ ವಿಷಯದಲ್ಲಿ ಈ ಸಮಾಜಕ್ಕೆ ತಲೆತಲಾಂತರದಿಂದ ಬಂದಿದೆ. ಅದೇ ಧೈರ್ಯ ಇಲ್ಲಿಯೂ ಬೇಕು.

ಪರ್ವದಿನಗಳ ವಿಚಾರ ಇನ್ನೂ ಗಂಭೀರ. ದೇಶವ್ರತವನ್ನು ಸ್ವೀಕರಿಸಿ ಇಂದು ಈ ಮನೆಯ, ಈ ಬೀದಿಯ ಎಲ್ಲೆಯನ್ನು ಮೀರೆನೆಂದು ಕುಳಿತವನಿಗೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರ ಹೇಳುತ್ತದೆ. ಎಲ್ಲೆಯ ಹೊರಗಿನಿಂದ ವಸ್ತುವನ್ನು ತರಿಸುವುದು ಆನಯನ. ಹೊರಗಿನ ಕೆಲಸಕ್ಕೆ ಬೇರೆಯವರನ್ನು ನಿಯೋಗಿಸುವುದು ಪ್ರೇಷ್ಯಪ್ರಯೋಗ. ಹೊರಗಿರುವವರಿಗೆ ಕೆಮ್ಮು ಮುಂತಾದ ದನಿಯಿಂದ ಸೂಚಿಸುವುದು ಶಬ್ದಾನುಪಾತ. ತನ್ನ ರೂಪವನ್ನು ತೋರಿ ಸೂಚಿಸುವುದು ರೂಪಾನುಪಾತ. ಕಲ್ಲು ಮೊದಲಾದುವನ್ನು ಎಸೆದು ಗಮನ ಸೆಳೆಯುವುದು ಪುದ್ಗಲಕ್ಷೇಪ. ದೇಹ ಮನೆಯೊಳಗಿದ್ದು ದನಿಯೂ ರೂಪವೂ ಮೊಬೈಲಿನಲ್ಲಿ ಊರೂರು ಸುತ್ತಿದರೆ, ಕುಳಿತಲ್ಲಿಂದಲೇ ಸಾಮಾನು ತರಿಸಿಕೊಂಡರೆ, ಆ ವ್ರತದಲ್ಲಿ ಉಳಿದದ್ದೇನು? ಅಷ್ಟಮಿ ಚತುರ್ದಶಿಗಳಲ್ಲಿ, ಭಾದ್ರಪದದ ದಶಲಕ್ಷಣಪರ್ವದ ಹತ್ತು ದಿನಗಳಲ್ಲಿ, ಆತುರದ ಕರೆಯನ್ನು ಬಿಟ್ಟು ಉಳಿದುದೆಲ್ಲಕ್ಕೂ ನಿಯಮ ಹಿಡಿಯುವುದು ಗೃಹಸ್ಥನಿಗೆ ಅಸಾಧ್ಯವಲ್ಲ. ಇದರಿಂದ ಬಿಲ್ಲು ಒಂದು ಪೈಸೆಯೂ ಇಳಿಯದಿರಬಹುದು. ಬಿಲ್ಲು ಇಳಿಯದೆಯೂ ಭೋಗ ಇಳಿಯುತ್ತದೆ ಎಂಬುದನ್ನು ಮನಸ್ಸು ಇಲ್ಲಿ ಕಲಿಯುತ್ತದೆ.

ಕಡೆಯದಾಗಿ, ಉಳಿದ ಹಣ ಎಲ್ಲಿಗೆ ಹೋಗಬೇಕು? ಒಂದು ಚಂದಾವನ್ನು ಬಿಟ್ಟು ಉಳಿಸಿದುದರಿಂದ ಇನ್ನೊಂದು ಚಂದಾ ಕೊಂಡರೆ ತ್ಯಾಗವಾಗಲಿಲ್ಲ, ಭೋಗದ ಹೆಸರು ಮಾತ್ರ ಬದಲಾಯಿತು. ಹಾಗೆಯೇ ಕೂಡಿಟ್ಟು ಎಣಿಸುತ್ತ ಹಿಗ್ಗಿದರೆ ಭೋಗದ ಬಾಗಿಲಿನಿಂದ ಹೊರಟ ಮಮತ್ವ ಪರಿಗ್ರಹದ ಬಾಗಿಲಿನಿಂದ ಒಳಗೆ ಬಂದಂತಾಯಿತು. ಮನೆಗೆ ಸಾಲವಿದ್ದರೆ ಅದನ್ನು ತೀರಿಸುವುದು ಯುಕ್ತ. ಇಲ್ಲವಾದರೆ ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ನಾಲ್ಕು ದಾನಗಳ ದಾರಿ ತೆರೆದೇ ಇದೆ. ಅಚ್ಚಿನ ಯಂತ್ರವಿಲ್ಲದ ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯವರು ಪೊನ್ನನ ಶಾಂತಿಪುರಾಣದ 1000 ಓಲೆಪ್ರತಿಗಳನ್ನು ಬರೆಸಿ ಹಂಚಿದರೆಂಬುದು ನಾಡಿನಲ್ಲಿ ಪ್ರಸಿದ್ಧವಾಗಿದೆ. ವರ್ಷಕ್ಕೆ ಏಳು ಸಾವಿರ ರೂಪಾಯಿ ದೊಡ್ಡ ದಾನವಲ್ಲದಿರಬಹುದು. ಬಡ ವಿದ್ಯಾರ್ಥಿಯೊಬ್ಬನ ಪುಸ್ತಕಗಳಿಗೆ ಅದು ಸಾಕು.

ಇಷ್ಟು ಸಣ್ಣ ವೆಚ್ಚಕ್ಕೆ ಇಷ್ಟು ವಿಚಾರವೇಕೆಂದು ಕೆಲವರು ಆಕ್ಷೇಪಿಸಬಹುದು. ವ್ರತಗಳು ಅಣುವಾಗಿರುವುದು ಗೃಹಸ್ಥನ ಬಾಳಿನ ಸಣ್ಣ ಸಂಗತಿಗಳಲ್ಲಿ ಅವು ನಡೆಯಬೇಕೆಂದೇ. ಬಿಲ್ಲು ತಗ್ಗಿದೆಯೇ ಎಂದು ಕೇಳುವುದು ಮನೆವಾರ್ತೆಯ ಪ್ರಶ್ನೆ. ಯಾರು ಬಿಟ್ಟರು, ಯಾವುದನ್ನು ಬಿಟ್ಟರು, ಉಳಿದದ್ದು ಎಲ್ಲಿಗೆ ಹೋಯಿತು ಎಂದು ಕೇಳುವುದು ಶ್ರಾವಕನ ಪ್ರಶ್ನೆ. ಈ ಚಾತುರ್ಮಾಸದಲ್ಲಿ ಮನೆಯ ಹಿರಿಯನು ತನ್ನ ಭೋಗದಿಂದಲೇ ಮೊದಲ ನಿಯಮವನ್ನು ಹಿಡಿದರೆ, ಕಿರಿಯರಿಗೆ ಬೇರೆ ಉಪದೇಶದ ಅಗತ್ಯ ಬೀಳಲಾರದು.