ಹಕ್ಕಿಗೆ ಹೇಳುವ ಸುಳ್ಳು

ದುಡ್ಡು ಕೊಟ್ಟು ಹಕ್ಕಿ ನೋಡಲು ಹೋದೆವು, ಹಕ್ಕಿ ಕಾಣಲಿಲ್ಲ. ಹಾಗಾದರೆ ಕೊಟ್ಟ ದುಡ್ಡು ಯಾವುದಕ್ಕೆ?

ಕೇಳಲು ತಮಾಷೆ ಅನ್ನಿಸಬಹುದು. ಆದರೆ ಇದಕ್ಕೆ ನಾವು ಕೊಡುವ ಉತ್ತರದ ಮೇಲೆ ಒಬ್ಬ ಗೈಡಿನ ಸಂಪಾದನೆ, ಒಂದು ಹಕ್ಕಿಯ ನೆಮ್ಮದಿ ಎರಡೂ ನಿಂತಿವೆ. ನವೆಂಬರ್ ಬಂತೆಂದರೆ ದೆಹಲಿಯ ಸುತ್ತ ಭಾನುವಾರದ ಹಕ್ಕಿ ನಡಿಗೆಗಳು ಶುರು. ಓಖ್ಲಾ, ಸೂರಜ್‌ಪುರ, ಧನೌರಿ, ಸುಲ್ತಾನ್‌ಪುರ. ಎರಡು ದಿನ ರಜೆ ಸಿಕ್ಕರೆ ಭರತ್‌ಪುರ. ಹೋಗುವವರಲ್ಲಿ ನಮ್ಮಂಥವರು ಬಹಳ: ವಾರವಿಡೀ ಪರದೆ ನೋಡಿ ದಣಿದವರು, ಕೈಯಲ್ಲಿ ಒಳ್ಳೆಯ ಕ್ಯಾಮೆರಾ ಇರುವವರು, ಸಮಯ ಇಲ್ಲದವರು.

ಸಮಯ ಇಲ್ಲದ್ದೇ ತೊಡಕಿನ ಮೂಲ. ಚಳಿಗಾಲಕ್ಕೆ ಉತ್ತರದಿಂದ ಇಲ್ಲಿಗೆ ಬರುವ ಬ್ಲೂಥ್ರೋಟ್ ಎಂಬ ಹಕ್ಕಿಯಿದೆ. ಗುಬ್ಬಚ್ಚಿಯಷ್ಟೇ ಗಾತ್ರ, ಗಂಡಿಗೆ ಕೊರಳಲ್ಲಿ ನೀಲಿ. ಜೊಂಡಿನ ಬುಡದಲ್ಲಿ ಓಡಾಡುತ್ತಾ ಹುಳು ಹೆಕ್ಕುತ್ತದೆ. ಅರ್ಧ ಗಂಟೆ ಕಾದರೆ ಅಂಚಿಗೆ ಬರಬಹುದು, ಬಾರದೆಯೂ ಇರಬಹುದು. ಹೋದ ಡಿಸೆಂಬರ್‌ನಲ್ಲಿ ಯಮುನೆಯ ಬದಿಯ ಒಂದು ಜೌಗಿನಲ್ಲಿ ನಮ್ಮ ಗುಂಪು ಹತ್ತು ನಿಮಿಷ ಕಾದಿರಬೇಕು. ಒಬ್ಬರು ಗೈಡಿಗೆ, “ಭೈಯಾ, ಕಾಲ್ ಚಲಾ ದೋ ನಾ” ಎಂದರು. ಆತ ಆಚೀಚೆ ನೋಡಿ ಜೇಬಿನಿಂದ ಪುಟ್ಟ ಸ್ಪೀಕರ್ ತೆಗೆದ. ಅದೇ ಜಾತಿಯ ಹಕ್ಕಿಯ ಕೂಗು ಹೊರಟಿತು. ಹಕ್ಕಿ ಥಟ್ಟನೆ ಬಯಲಿಗೆ ಬಂತು. ಎರಡು ನಿಮಿಷದಲ್ಲಿ ಎಲ್ಲರಿಗೂ ಫೋಟೋ ಸಿಕ್ಕಿತು.

ಅದು ಹೊರಬಂದದ್ದು ತನ್ನ ಜಾಗಕ್ಕೆ ಇನ್ನೊಂದು ಹಕ್ಕಿ ನುಗ್ಗಿದೆ ಎಂದುಕೊಂಡು. ಮೇವು ಬಿಟ್ಟು, ಗಿಡುಗನ ಕಣ್ಣಿಗೆ ಬೀಳುವ ಅಪಾಯ ಲೆಕ್ಕಿಸದೆ, ಅಲ್ಲಿ ಇಲ್ಲವೇ ಇಲ್ಲದ ಎದುರಾಳಿಯನ್ನು ಹುಡುಕಿತು. ಇದನ್ನು ಸಮರ್ಥಿಸುವವರ ಬಳಿ ಮೂರು ವಾದಗಳಿವೆ. ಮೂರನ್ನೂ ಕೇಳಿಸಿಕೊಳ್ಳಬೇಕು.

ಮೊದಲನೆಯದು, ಎರಡು ನಿಮಿಷದಲ್ಲಿ ಹಕ್ಕಿಗೇನೂ ಆಗುವುದಿಲ್ಲ. ಒಂದು ಸಲಕ್ಕೆ ಬಹುಶಃ ನಿಜ. ಆದರೆ ನಾವು ಹೋದ ಮೇಲೆ ಇನ್ನೊಂದು ಗುಂಪು ಬರುತ್ತದೆ, ಮುಂದಿನ ವಾರ ಮತ್ತೊಂದು. ಆಫೀಸಿನಲ್ಲಿ ನನಗೆ ಇದು ಪರಿಚಿತ ಲೆಕ್ಕ. “ಚಿಕ್ಕ ಚೇಂಜ್ ಅಷ್ಟೇ” ಎಂದು ಹತ್ತು ಜನ ಹೇಳುತ್ತಾರೆ. ಶನಿವಾರ ರಾತ್ರಿ ಕೂತು ಅದನ್ನೆಲ್ಲ ಮಾಡುವವನು ಹನ್ನೊಂದನೆಯವನು. ಕೇಳುವ ಪ್ರತಿಯೊಬ್ಬನಿಗೂ ಅದು ಚಿಕ್ಕದು, ಹೊರುವವನಿಗಲ್ಲ.

ಎರಡನೆಯದು, ಪ್ರಕೃತಿಯಲ್ಲೇ ಮೋಸ ಇದೆಯಲ್ಲ. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುವುದಿಲ್ಲವೇ? ಇಡುತ್ತದೆ. ಆದರೆ ಕೋಗಿಲೆಗೆ ಬೇರೆ ದಾರಿಯಿಲ್ಲ. ಅದು ಗೂಡು ಕಟ್ಟುವುದಿಲ್ಲ, ಅದರ ಸಂತತಿಯೇ ಆ ಮೋಸದ ಮೇಲೆ ನಿಂತಿದೆ. ನಮಗೆ ಬೇರೆ ದಾರಿಯಿದೆ, ಅದರ ಹೆಸರು ಕಾಯುವುದು.

ಮೂರನೆಯ ವಾದವೇ ಗಟ್ಟಿ: ಗೈಡಿನ ಹೊಟ್ಟೆಪಾಡು. ಹಕ್ಕಿ ತೋರಿಸದವನಿಗೆ ಟಿಪ್ಸ್ ಇಲ್ಲ, ಮುಂದಿನ ಸಲ ಕರೆಯೂ ಇಲ್ಲ. ಭರತ್‌ಪುರದ ಕೇವಲಾದೇವ್ ಉದ್ಯಾನದಲ್ಲಿ ಸೈಕಲ್ ರಿಕ್ಷಾ ತುಳಿಯುವವರೇ ಹಕ್ಕಿಗಳ ಹೆಸರು ಕಲಿತು ಗೈಡ್‌ಗಳಾಗಿದ್ದಾರೆ. ಅದೇ ಜಾಗದಲ್ಲಿ 1938ರಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನ 4,273 ಹಕ್ಕಿಗಳನ್ನು ಹೊಡೆದರು. ಆ ಸಂಖ್ಯೆಯನ್ನು ಹೆಮ್ಮೆಯಿಂದ ಕಲ್ಲಿನಲ್ಲಿ ಕೆತ್ತಿಸಿದ್ದಾರೆ, ಇವತ್ತಿಗೂ ಓದಬಹುದು. ಕೋವಿ ಹೋಗಿ ಕ್ಯಾಮೆರಾ ಬಂದದ್ದು ಸಣ್ಣ ಬದಲಾವಣೆಯಲ್ಲ. ಆದರೆ “ಇವತ್ತು ಎಷ್ಟು?” ಎಂಬ ಪ್ರಶ್ನೆ ಹೋಗಲಿಲ್ಲ. ಆ ಪ್ರಶ್ನೆ ಕೇಳುವವರು ನಾವು. ಉತ್ತರ ಒದಗಿಸಬೇಕಾದವನು ರಿಕ್ಷಾದವನು. ಹಾಗಾಗಿ ಸ್ಪೀಕರ್ ಅವನ ಕೈಯಲ್ಲಿದ್ದರೂ ಅದರ ಗುಂಡಿ ಒತ್ತುವವರು ನಾವೇ.

ಹಾಗಾದರೆ ಹಕ್ಕಿಯನ್ನು ಕರೆಯುವುದೇ ತಪ್ಪೇ? ದಕ್ಷಿಣ ಅಮೆರಿಕದ ಎಕ್ವಡಾರ್‌ನಲ್ಲಿ, ಆಂಡೀಸ್ ಪರ್ವತದ ಪಶ್ಚಿಮ ಇಳಿಜಾರಿನಲ್ಲಿ ಏಂಜೆಲ್ ಪಾಸ್ ಎಂಬ ರೈತರಿದ್ದಾರೆ. ಸುಲಭಕ್ಕೆ ಯಾರ ಕಣ್ಣಿಗೂ ಬೀಳದ ಜೈಂಟ್ ಆಂಟ್‌ಪಿಟ್ಟಾ ಎಂಬ ಹಕ್ಕಿಗೆ ಅವರು ಎರೆಹುಳು ಕೊಟ್ಟು ರೂಢಿ ಮಾಡಿಸಿದರು, ಅದಕ್ಕೆ ಮರಿಯಾ ಎಂದು ಹೆಸರಿಟ್ಟರು. ಹೆಸರು ಹಿಡಿದು ಕರೆದರೆ ಹಕ್ಕಿ ಬರುತ್ತಿತ್ತು. ಅದನ್ನು ನೋಡಲು ದೇಶದೇಶಗಳಿಂದ ಜನ ಬಂದರು, ಅವರ ಜಮೀನಿನ ಕಾಡು ಉಳಿಯಿತು. ಇಲ್ಲೂ ತೊಡಕಿದೆ: ಕಾಡಿನ ಹಕ್ಕಿಗೆ ಮನುಷ್ಯನ ಕೈತುತ್ತು ರೂಢಿಯಾಗುವುದು ಒಳ್ಳೆಯದೇ ಎಂದು ಕೇಳಬಹುದು. ಆದರೂ ಒಂದು ವ್ಯತ್ಯಾಸ ಕಾಣುತ್ತದೆ. ಅಲ್ಲಿ ಎರೆಹುಳು ಇದೆ ಎಂದು ಕರೆದರು, ಬಂದ ಹಕ್ಕಿಗೆ ಎರೆಹುಳು ಸಿಕ್ಕಿತು. ಇಲ್ಲಿ ಶತ್ರು ಬಂದಿದ್ದಾನೆ ಎಂದು ಕರೆಯುತ್ತೇವೆ, ಬಂದ ಹಕ್ಕಿಗೆ ಸಿಗುವುದು ಬರೀ ಗಾಬರಿ.

ಇನ್ನು ನಮ್ಮ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಕರೆಯುವ ಮಾತೇ ಇಲ್ಲ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ತಾವಾಗಿಯೇ ಬಂದು ಊರೊಳಗಿನ ಹುಣಸೆಮರಗಳಲ್ಲಿ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವನ್ನು ನೋಡುತ್ತಾರೆ. ಅಂಗಳದಲ್ಲಿ ಮೀನಿನ ವಾಸನೆ, ಹಿಕ್ಕೆ ಎಲ್ಲ ಸಹಿಸುತ್ತಾರೆ, ಹಿಕ್ಕೆಯನ್ನೇ ಗೊಬ್ಬರ ಮಾಡಿಕೊಳ್ಳುತ್ತಾರೆ. ಅವರಿಗೆ ಹಕ್ಕಿ ಕಾಣುವುದು ಹಕ್ಕಿಗೆ ಅಲ್ಲಿರಲು ಅನುಕೂಲವಾದದ್ದರಿಂದ.

ನೋಯ್ಡಾದ ಹನ್ನೆರಡನೇ ಮಹಡಿಯಲ್ಲಿ ಕೂತ ನಮಗೆ ಆ ಭಾಗ್ಯವಿಲ್ಲ. ಗೈಡ್ ಬೇಕು, ದುಡ್ಡೂ ಕೊಡಬೇಕು. ಆದರೆ ಯಾವುದಕ್ಕೆ ಎಂಬುದನ್ನು ನಾವೇ ತೀರ್ಮಾನಿಸಬಹುದು. ಎಲ್ಲಿ ನಿಲ್ಲಬೇಕು, ಯಾವ ಸದ್ದು ಯಾರದು, ಕೆಸರಿನ ಮೇಲಿನ ಹೆಜ್ಜೆ ಯಾವುದರದ್ದು ಎಂಬ ಅವನ ತಿಳಿವಿಗೆ ಕೊಡುತ್ತಿದ್ದೇವೆ ಎಂದುಕೊಂಡರೆ ಹಕ್ಕಿ ಬಾರದ ದಿನವೂ ಅವನ ಕೆಲಸ ಪೂರ್ತಿಯಾಗಿರುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಲದು. ನಡಿಗೆ ಶುರುವಾಗುವ ಮೊದಲೇ ಅವನಿಗೆ ಹೇಳಬೇಕು: ಕಾಲ್ ಹಾಕುವುದು ಬೇಡ, ಕಂಡಷ್ಟು ಸಾಕು. ಏನೂ ಕಾಣದ ದಿನ ಟಿಪ್ಸನ್ನು ಮರೆಯದೆ ಕೊಡಬೇಕು. ಆ ದಿನದ ನೂರು ರೂಪಾಯಿಯೇ ಮುಂದಿನ ಭಾನುವಾರ ಅವನು ಸ್ಪೀಕರನ್ನು ಮನೆಯಲ್ಲೇ ಬಿಟ್ಟು ಬರಲು ಧೈರ್ಯ ಕೊಡುವುದು.