ನೆನೆಯುವ ಹೊಣೆ

ಸತ್ತವರನ್ನು ನೆನೆಯುವುದು ಮನಸ್ಸಿಗೆ ಬಿಟ್ಟ ವಿಷಯವೇ, ಅಥವಾ ಕರ್ತವ್ಯವೇ? ಇಸ್ರೇಲಿನ ತತ್ತ್ವಜ್ಞಾನಿ ಅವಿಶಾಯ್ ಮಾರ್ಗಲಿಟ್ 2002ರಲ್ಲಿ ಪ್ರಕಟವಾದ ‘ದಿ ಎಥಿಕ್ಸ್ ಆಫ್ ಮೆಮೊರಿ’ಯಲ್ಲಿ ಈ ಪ್ರಶ್ನೆಯನ್ನು ಒಂದು ಪತ್ರಿಕಾ ವರದಿಯ ಮೂಲಕ ಎತ್ತುತ್ತಾರೆ. ತನ್ನ ಕೈಕೆಳಗಿದ್ದು ಸತ್ತ ಯೋಧನ ಹೆಸರು ಸೇನಾಧಿಕಾರಿಯೊಬ್ಬನಿಗೆ ನೆನಪಾಗಲಿಲ್ಲ, ಜನ ಸಿಟ್ಟಿಗೆದ್ದರು. ಮರೆವು ಯಾರ ಹಿಡಿತದಲ್ಲೂ ಇಲ್ಲವಲ್ಲ, ಸಿಟ್ಟೇಕೆ? ಅಕ್ಕರೆ ಇದ್ದಲ್ಲಿ ನೆನಪೂ ಇರಲೇಬೇಕೆಂದು ನಾವು ನಂಬಿರುವುದರಿಂದ. ಹೆತ್ತವರು, ಗೆಳೆಯರು, ಒಂದೇ ನಾಡಿನವರು ಹೀಗೆ ಹಂಚಿಕೊಂಡ ಗತಕಾಲದಲ್ಲಿ ಬೇರುಬಿಟ್ಟವನ್ನು ಮಾರ್ಗಲಿಟ್ ಗಾಢ ಸಂಬಂಧಗಳೆನ್ನುತ್ತಾರೆ. ಮನುಷ್ಯರೆಂಬ ಒಂದೇ ಕಾರಣಕ್ಕೆ ಅಪರಿಚಿತರೊಡನೆ ಇರುವುದು ತೆಳು ಸಂಬಂಧ. ನೆನೆಯುವ ಹೊಣೆ ಮುಖ್ಯವಾಗಿ ಮೊದಲನೆಯದರದು. ಹಾಗಾದರೆ ಯುದ್ಧದಿಂದ ಮರಳಿ, ಸಂಸಾರ ಮಾಡಿ, ಹಣ್ಣುಹಣ್ಣು ಮುದುಕನಾಗಿ ತೀರಿಕೊಂಡ ಸೈನಿಕನನ್ನು ಒಂದು ದೇಶ ನೆನೆಯುವಾಗ ಅದು ನೆನೆಯುವುದು ಯಾರನ್ನು? ಆ ಮನುಷ್ಯನನ್ನೋ, ತನ್ನ ಯುದ್ಧವನ್ನೋ? ನಮ್ಮ ವೀರಗಲ್ಲುಗಳಲ್ಲೂ ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಬದುಕಿ ಬಂದು ಮತ್ತೆ ಹೊಲ ಉತ್ತವನಿಗೆ ಅಲ್ಲಿ ಜಾಗವಿಲ್ಲ.

ಇಂಗ್ಲೆಂಡಿನ ಹ್ಯಾರಿ ಪ್ಯಾಚ್ ಅವರ ಬದುಕು ಈ ಪ್ರಶ್ನೆಗೆ ಒಳ್ಳೆಯ ಒರೆಗಲ್ಲು. 1898ರಲ್ಲಿ ಬಾತ್ ನಗರದ ಬಳಿ ಹುಟ್ಟಿದ ಅವರು ಕಸುಬಿನಿಂದ ಪ್ಲಂಬರ್. ಕಡ್ಡಾಯ ಸೇನಾಭರ್ತಿಯಲ್ಲಿ ಸಿಕ್ಕಿ, 1917ರಲ್ಲಿ ಬೆಲ್ಜಿಯಂನ ಪ್ಯಾಶೆಂಡೇಲ್ ಕಾಳಗದಲ್ಲಿ ಲೂಯಿಸ್ ಮೆಷಿನ್ ಗನ್ ತಂಡದಲ್ಲಿದ್ದರು. ಆ ವರ್ಷ ಸೆಪ್ಟೆಂಬರ್ 22ರಂದು ಸಿಡಿದ ಶೆಲ್ಲಿಗೆ ತಂಡದ ಮೂವರು ಬಲಿಯಾದರು, ಪ್ಯಾಚ್ ಗಾಯಗೊಂಡರು. ರಣರಂಗದಲ್ಲಿ ಅವರು ಕಳೆದದ್ದು ಕೆಲವೇ ತಿಂಗಳು. ಬದುಕಿದ್ದು 111 ವರ್ಷ. 1919ರಲ್ಲಿ ಮದುವೆಯಾದರು, ಇಬ್ಬರು ಗಂಡುಮಕ್ಕಳನ್ನು ಬೆಳೆಸಿದರು, ಅವರಿಬ್ಬರ ಸಾವನ್ನೂ ಕಂಡರು. ಎರಡನೆಯ ಮಹಾಯುದ್ಧದಲ್ಲಿ ಬೆಂಕಿ ಆರಿಸುವ ಕೆಲಸಕ್ಕೂ ನಿಂತರು. ಆದರೂ 2009ರಲ್ಲಿ ತೀರಿಕೊಂಡಾಗ ಲೋಕ ಅವರನ್ನು ಗುರುತಿಸಿದ್ದು ಮೊದಲ ಮಹಾಯುದ್ಧದ ಕಂದಕಗಳಲ್ಲಿ ಕಾದಿದ್ದ ಬ್ರಿಟಿಷ್ ಸೈನಿಕರಲ್ಲಿ ಕೊನೆಯವರೆಂದು. ಕೊನೆಯವರಾಗುವುದರಲ್ಲಿ ಅವರ ಸಾಧನೆಯೇನೂ ಇರಲಿಲ್ಲ. ಉಳಿದವರು ಮೊದಲೇ ಹೋಗಿದ್ದರು, ಅಷ್ಟೆ. ಪಾತ್ರವನ್ನಷ್ಟೇ ಇಟ್ಟುಕೊಂಡು ಪಾತ್ರಧಾರಿಯನ್ನು ಕೈಬಿಡುವ ನೆನಪು ಎಷ್ಟು ಅದ್ದೂರಿಯಾಗಿದ್ದರೂ ತೆಳು ಸಂಬಂಧದ್ದೇ.

ಯುದ್ಧವಿಲ್ಲದಿದ್ದರೆ ಆ ಪ್ಲಂಬರ್ ಯಾರಿಗೆ ಗೊತ್ತಾಗುತ್ತಿದ್ದರು ಎಂದು ಕೇಳಬಹುದು. ನಿಜ. ಆದರೆ ಒಬ್ಬರು ನಮ್ಮ ಕಣ್ಣಿಗೆ ಬಿದ್ದ ಕಾರಣ ಬೇರೆ, ಅವರಿಗೆ ನಾವು ಸಲ್ಲಿಸಬೇಕಾದದ್ದು ಬೇರೆ. ಅವರೇ ವರ್ಷವರ್ಷವೂ ಸೆಪ್ಟೆಂಬರ್ 22 ಅನ್ನು ಮನಸ್ಸಿನಲ್ಲಿ ಆಚರಿಸುತ್ತಿದ್ದರಲ್ಲ, ಯುದ್ಧವೇ ಅವರ ಬದುಕಿನ ತಿರುಳಾಗಿತ್ತಲ್ಲವೇ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಇದೇ ಸಂಗತಿ ನನ್ನ ವಾದಕ್ಕೂ ಆಧಾರ. ಯುದ್ಧದಲ್ಲಿ ಮಡಿದವರಿಗಾಗಿ ಬ್ರಿಟನ್ ಪ್ರತಿ ನವೆಂಬರಿನಲ್ಲಿ ನಡೆಸುವ ಸರ್ಕಾರಿ ಸ್ಮರಣೆ ಅವರಿಗೆ ಪ್ರದರ್ಶನದಂತೆ ಕಂಡಿತ್ತು. ಅವರು ನೆನೆಯುತ್ತಿದ್ದುದು ಯುದ್ಧವನ್ನಲ್ಲ, ಜೊತೆಗಿದ್ದ ಮೂವರು ಗೆಳೆಯರನ್ನು. ಅದು ಮಾರ್ಗಲಿಟ್ ಹೇಳುವ ಗಾಢ ಸಂಬಂಧವೇ.

ತೊಡಕೊಂದು ಉಳಿಯುತ್ತದೆ. ನೂರು ತುಂಬುವ ತನಕ ಪ್ಯಾಚ್ ಯುದ್ಧದ ಮಾತೆತ್ತಲಿಲ್ಲ, ಹೆಂಡತಿಯ ಬಳಿಯೂ. ಅಂದರೆ ಮನೆಯವರಿಗೆ ಸೈನಿಕನ ಪರಿಚಯವಿರಲಿಲ್ಲ, ದೇಶಕ್ಕೆ ಗೃಹಸ್ಥನ ಪರಿಚಯವಿರಲಿಲ್ಲ. ಮನೆಯ ನೆನಪೂ ಅರೆಬರೆಯಾದ ಮೇಲೆ ದೇಶವನ್ನೇ ಏಕೆ ದೂರಬೇಕು? ಎರಡಕ್ಕೂ ವ್ಯತ್ಯಾಸವಿದೆ. ಹೇಳದೆ ಉಳಿಸಿಕೊಂಡದ್ದನ್ನು ಬಗೆಯದಿರುವುದೂ ಅಕ್ಕರೆಯೇ. ಸಿಕ್ಕ ತುಣುಕನ್ನೇ ಇಡೀ ಮನುಷ್ಯನೆಂದು ಸಾರುವುದು ಅಕ್ಕರೆಯಲ್ಲ. ಇಷ್ಟಕ್ಕೂ ನೂರರ ನಂತರ ದೇಶಕ್ಕೆ ಆ ಯುದ್ಧದ ನೆನಪು ಸಿಕ್ಕಿದ್ದು ಅವರು ತಾವಾಗಿ ಕೊಟ್ಟದ್ದರಿಂದ. ಕೊಟ್ಟವರ ಷರತ್ತನ್ನು ಪಡೆದವರು ಪಾಲಿಸಬೇಕು. 2009ರ ಆಗಸ್ಟ್ 6ರಂದು ವೆಲ್ಸ್ ಕ್ಯಾಥೆಡ್ರಲ್‌ನಲ್ಲಿ ಅವರ ಅಂತ್ಯಸಂಸ್ಕಾರದ ಪ್ರಾರ್ಥನೆ ನಡೆಯಿತು. ಬೆಲ್ಜಿಯಂ, ಫ್ರಾನ್ಸ್ ಮತ್ತು ಜರ್ಮನಿಯ ಸೈನಿಕರೂ ಶವಪೆಟ್ಟಿಗೆಯ ಜೊತೆ ನಡೆದರು. ಅವರ ಇಚ್ಛೆಯಂತೆ ಯಾರ ಬಳಿಯೂ ಆಯುಧವಿರಲಿಲ್ಲ, ಅಲಂಕಾರಕ್ಕೂ ಇರಲಿಲ್ಲ. ಆ ಒಂದು ದಿನವಾದರೂ ಬ್ರಿಟನ್ ಅವರನ್ನು ಸರಿಯಾಗಿ ನೆನೆಯಿತು.