ವಿದ್ವಾಂಸನ ಅನ್ನ ಮತ್ತು ಹಂಗು

ಅನ್ನವಿಲ್ಲದೆ ವಿದ್ಯೆ ನಿಲ್ಲಲಾರದು. ಆದರೆ ಅನ್ನವಿಕ್ಕಿದವರ ಎದುರಿನಲ್ಲಿ ಅಪ್ರಿಯವಾದ ಸತ್ಯವನ್ನು ನುಡಿಯುವುದು ವಿದ್ಯಾವಂತನಿಗೂ ಸುಲಭವಲ್ಲ. ಈ ಎರಡು ಮಾತುಗಳೂ ನಿಜವಾಗಿರುವುದರಿಂದಲೇ, ವಿದ್ವಾಂಸನನ್ನು ಪೋಷಿಸಬೇಕಾದವರು ಯಾರು, ಹೇಗೆ ಪೋಷಿಸಿದರೆ ಅವನ ವಿದ್ಯೆಗೆ ಹಾನಿಯಾಗದು ಎಂಬ ಪ್ರಶ್ನೆಯು ಕೇವಲ ಹಣಕಾಸಿನ ಪ್ರಶ್ನೆಯಾಗಿರದೆ ಧರ್ಮವಿಚಾರವೂ ಆಗಿರುವುದು.

ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರ ಮೊದಲಾದ ಮಾನವಿಕ ವಿಷಯಗಳಲ್ಲಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪದವಿಯನ್ನು ಪಡೆದ ತರುಣ ತರುಣಿಯರ ಸ್ಥಿತಿಯನ್ನು ನೋಡೋಣ. ಪ್ರಬಂಧವನ್ನು ಸಿದ್ಧಪಡಿಸುವ ಕಾಲದಲ್ಲಿ ಅವರಲ್ಲಿ ಕೆಲವರಿಗಾದರೂ ವಿಶ್ವವಿದ್ಯಾಲಯ ಅನುದಾನ ಆಯೋಗದ ವೇತನವು ದೊರೆಯುವುದು. ಪದವಿಯು ಕೈಸೇರುವ ವೇಳೆಗೆ ಅದು ಮುಗಿದಿರುವುದು. ಆಮೇಲೆ ಬಹುಮಂದಿಗೆ ಉಳಿಯುವುದು ಅತಿಥಿ ಉಪನ್ಯಾಸಕನ ವೃತ್ತಿ. ಹೆಸರಿಗೆ ಅತಿಥಿ; ಆದರೆ ಅತಿಥಿಗೆ ಸಲ್ಲುವ ಉಪಚಾರವಾಗಲಿ, ಮನೆಯವನಿಗೆ ಸಲ್ಲುವ ಹಕ್ಕಾಗಲಿ ಅವನಿಗಿಲ್ಲ. ಇತ್ತ ಇವರಿಗೆ ಉದ್ಯೋಗವಿಲ್ಲದಿರಲು, ಅತ್ತ ನಾಡಿನ ಎಷ್ಟೋ ಮಠ, ಮನೆತನ, ಗ್ರಂಥಾಲಯಗಳಲ್ಲಿ ಓಲೆಗರಿಗಳೂ ಕಡತಗಳೂ ಪಟ್ಟಿಯಿಲ್ಲದೆ ಬಿದ್ದಿವೆ. ಕೈಗಳಿಗೆ ಕೆಲಸವಿಲ್ಲ, ಕೆಲಸಕ್ಕೆ ಕೈಗಳಿಲ್ಲ. ಇವೆರಡನ್ನೂ ಕೂಡಿಸಬಾರದೇಕೆ?

ಇತರರು ಕೂಡಿಸಿರುವರು. ಅಮೆರಿಕದಲ್ಲಿ ೧೯೧೯ರಲ್ಲಿ ಸ್ಥಾಪಿತವಾದ ವಿದ್ವತ್ಸಂಸ್ಥೆಗಳ ಪರಿಷತ್ತು, ೨೦೧೧ರಲ್ಲಿ ಒಂದು ಯೋಜನೆಯನ್ನು ಆರಂಭಿಸಿ, ಹೊಸದಾಗಿ ಡಾಕ್ಟರೇಟ್ ಪಡೆದವರನ್ನು ಎರಡು ವರ್ಷಗಳ ಕಾಲ ಸಾರ್ವಜನಿಕ ಸಂಸ್ಥೆಗಳಲ್ಲಿ ಕೆಲಸಕ್ಕೆ ನಿಯೋಜಿಸಿತು. ಅದರ ವೆಚ್ಚಕ್ಕೆ ಮೆಲ್ಲನ್ ಪ್ರತಿಷ್ಠಾನವು ನೆರವಾಯಿತು. ಕೆಲಸ ಒಂದು ಕಡೆ, ಹಣ ಇನ್ನೊಂದು ಕಡೆ. ಇದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ನಮ್ಮ ಜಿಲ್ಲೆಯಲ್ಲಿ ಇಂತಹ ಕೂಟಕ್ಕೆ ಬೇಕಾದ ಸಾಮಗ್ರಿಯು ಯಥೇಚ್ಛವಾಗಿರುವುದು. ಸಿರಿಗೆರೆಯ ತರಳಬಾಳು ಬೃಹನ್ಮಠದ ಶ್ರೀ ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳವರು ಸ್ವತಃ ಡಾಕ್ಟರೇಟ್ ಪಡೆದ ವಿದ್ವಾಂಸರು. ಪಾಣಿನಿಯ ವ್ಯಾಕರಣವನ್ನು ಗಣಕಯಂತ್ರಕ್ಕೆ ಅಳವಡಿಸಿದವರು. ಶರಣರ ವಚನಗಳನ್ನೂ ಅಂತೆಯೇ ಸರ್ವರಿಗೂ ದೊರೆಯುವಂತೆ ಮಾಡುವ ಕಾರ್ಯವು ಅಲ್ಲಿ ನಡೆದಿದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ೧೯೯೭ರಲ್ಲಿ ಹುಟ್ಟಿದ ಶಿವಸಂಚಾರವೆಂಬ ನಾಟಕ ತಂಡವು ಊರೂರು ತಿರುಗಿ ರಂಗಕಲೆಯನ್ನು ಹಳ್ಳಿಯ ಜನರ ಬಳಿಗೊಯ್ದಿದೆ. ಚಿತ್ರದುರ್ಗದಲ್ಲಿ ವಸ್ತುಸಂಗ್ರಹಾಲಯವಿದೆ, ಸಮೀಪದಲ್ಲಿಯೇ ದಾವಣಗೆರೆ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೂ ಇದೆ. ಇವುಗಳ ನಡುವೆ ವಿದ್ವಾಂಸರು ಎರಡು ವರ್ಷ ನೆಲೆನಿಂತು ದುಡಿಯುವ ಏರ್ಪಾಡಾದರೆ ಎಲ್ಲರಿಗೂ ಲಾಭವೇ. ಆದರೆ ಅವರ ವೇತನವು ಯಾರ ಕೈಯಿಂದ ಬರಬೇಕು?

ಈ ಪ್ರಶ್ನೆಗೆ ನಮ್ಮ ನಾಡಿನ ಚರಿತ್ರೆಯಲ್ಲಿ ಎರಡು ಉತ್ತರಗಳು ದೊರೆಯುತ್ತವೆ. ಮೊದಲನೆಯದು ಫ. ಗು. ಹಳಕಟ್ಟಿಯವರದು. ಅವರು ವಿಜಾಪುರದಲ್ಲಿ ವಕೀಲರಾಗಿದ್ದು, ಊರೂರು ಅಲೆದು ವಚನಗಳ ಓಲೆಗರಿಗಳನ್ನು ಕೂಡಿಹಾಕಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಬೆಳಕಿಗೆ ತಂದರು. ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನಾರಂಭಿಸಿದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರೆಂಬುದು ಪ್ರಸಿದ್ಧವಾದ ಸಂಗತಿ. ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟನ್ನು ಕೊಟ್ಟುದು ೧೯೫೬ರಲ್ಲಿ, ಎಲ್ಲ ದುಡಿಮೆಯೂ ಮುಗಿದ ಮೇಲೆ. ಅವರು ಯಾರ ಹಂಗಿಗೂ ಒಳಗಾಗಲಿಲ್ಲ. ಆದರೆ ಅವರ ತ್ಯಾಗವನ್ನು ಕೊಂಡಾಡುತ್ತ ನಾವು ನಮ್ಮ ಹೊಣೆಯಿಂದ ನುಣುಚಿಕೊಳ್ಳುವುದು ತರವೆ? ಒಬ್ಬ ಮಹಾತ್ಮನ ಬಡತನವನ್ನು ಎಲ್ಲ ವಿದ್ವಾಂಸರಿಗೂ ನಿಯಮವಾಗಿ ವಿಧಿಸುವ ಸಮಾಜವು ತ್ಯಾಗವನ್ನು ಗೌರವಿಸುತ್ತಿಲ್ಲ. ಅದನ್ನು ಪುಕ್ಕಟೆ ದುಡಿಸಿಕೊಳ್ಳುತ್ತಿದೆ.

ಎರಡನೆಯದು ಡಾ. ಎಂ. ಎಚ್. ಕೃಷ್ಣರವರದು. ಲಂಡನ್ ವಿಶ್ವವಿದ್ಯಾಲಯದ ಡಿ. ಲಿಟ್. ಪದವೀಧರರಾದ ಅವರು ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಸಂಶೋಧನ ಇಲಾಖೆಯ ಮುಖ್ಯಸ್ಥರಾಗಿ, ೧೯೨೯ರ ಸುಮಾರಿನಲ್ಲಿ ನಮ್ಮ ಚಂದ್ರವಳ್ಳಿಯನ್ನು ಅಗೆಯಿಸಿದರು. ಮುಂದೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ಉತ್ಖನನವನ್ನು ನಡೆಸಿದರು. ಚಂದ್ರವಳ್ಳಿಯ ಬಂಡೆಯ ಮೇಲಿನ ಮಯೂರಶರ್ಮನ ಶಾಸನವನ್ನು ಅವರು ಓದಿ ಇಲಾಖೆಯ ವರದಿಯಲ್ಲಿ ಪ್ರಕಟಿಸಿದರು. ಮುಂದಿನ ವಿದ್ವಾಂಸರು ಅದನ್ನು ಬೇರೆ ಬಗೆಯಾಗಿ ಓದಿ ವಾದಿಸಿದರು. ಇದರಿಂದ ಕೃಷ್ಣರವರ ಕೀರ್ತಿಗೆ ಕುಂದಿಲ್ಲ. ಸಂಸ್ಥಾನದ ಸಂಬಳವು ಅವರಿಗೆ ಬಂಡೆಯನ್ನು ಓದಲೆಂದು ಸಲ್ಲುತ್ತಿತ್ತೇ ಹೊರತು ಇಂತಹ ಅರ್ಥವನ್ನೇ ಹೇಳಲೆಂದಲ್ಲ. ತಾನು ಕಂಡುದನ್ನು ಪ್ರಕಟಿಸುವ, ಇತರರು ಅದನ್ನು ತಿದ್ದುವ ಸ್ವಾತಂತ್ರ್ಯವಿದ್ದಲ್ಲಿ ಮಾತ್ರ ವಿದ್ಯೆಯು ಬೆಳೆಯುವುದು.

ಈಗ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಒಂದು ಪುರಾತನ ಸಂಸ್ಥೆಯು ತನ್ನ ಕಡತಗಳನ್ನು ಅಣಿಗೊಳಿಸಲು ಓರ್ವ ವಿದುಷಿಯನ್ನು ತನ್ನ ಬೊಕ್ಕಸದಿಂದಲೇ ವೇತನವಿತ್ತು ನೇಮಿಸಿತೆನ್ನಿ. ಸಂಸ್ಥೆಯು ತನ್ನ ಪ್ರಾಚೀನತೆ ಎಂಟುನೂರು ವರ್ಷಗಳದೆಂದು ಹೇಳಿಕೊಳ್ಳುತ್ತಿರುವಾಗ, ಆಕೆಗೆ ಸಿಕ್ಕ ದಾಖಲೆಗಳು ಮುನ್ನೂರನ್ನು ದಾಟುವುದಿಲ್ಲ. ಆಕೆ ಏನು ಮಾಡಬೇಕು? ನುಡಿದರೆ ಉಂಡ ಮನೆಗೆ ಎರಡು ಬಗೆದಂತೆ. ನುಡಿಯದಿದ್ದರೆ ಕಲಿತ ವಿದ್ಯೆಗೆ ಎರಡು ಬಗೆದಂತೆ. ಯಾರೂ ಆಕೆಯನ್ನು ಬೆದರಿಸಬೇಕಾದುದಿಲ್ಲ. ಮುಂದಿನ ತಿಂಗಳ ವೇತನದ ನೆನಪೇ ಸಾಕು, ಲೇಖನಿಯು ತಾನಾಗಿ ಮೃದುವಾಗುವುದು.

ಕನ್ನಡದಲ್ಲಿ ಋಣ ಮತ್ತು ಹಂಗು ಎಂಬ ಎರಡು ಮಾತುಗಳಿವೆ. ಇವು ಒಂದೇ ಅಲ್ಲ. ಋಣವನ್ನು ತೀರಿಸಬಹುದು, ತೀರಿಸಿದವನು ತಲೆಯೆತ್ತಿ ನಿಲ್ಲಬಹುದು. ಹಂಗಾದರೋ ತೀರುವುದಿಲ್ಲ, ಅದು ಬಾಯನ್ನು ಕಟ್ಟುವುದು. ವಿದ್ವಾಂಸನಿಗೆ ಸಮಾಜದ ಋಣವು ಇರಲೇಬೇಕು. ಯಾವೊಬ್ಬರ ಹಂಗೂ ಇರಬಾರದು. ಆದುದರಿಂದ ಯಾರ ಕಡತವನ್ನು ಪರೀಕ್ಷಿಸುವನೋ ಅವರಿಂದಲೇ ವೇತನವನ್ನು ಪಡೆಯುವಂತಾಗಬಾರದು. ಸಂಸ್ಥೆಗಳೂ ದಾನಿಗಳೂ ಸರಕಾರವೂ ಸೇರಿ ಒಂದು ಸಾಮಾನ್ಯ ನಿಧಿಯನ್ನು ಕೂಡಿಸಲಿ. ವೇತನವು ಅದರಿಂದ ಸಲ್ಲಲಿ. ಎರಡು ವರ್ಷದ ಅವಧಿಯು ನಡುವೆ ಮೊಟಕಾಗದಿರಲಿ. ಕಂಡುದನ್ನು ಪ್ರಕಟಿಸುವ ಹಕ್ಕು ವಿದ್ವಾಂಸನಿಗಿರಲಿ. ಅದರ ಪಕ್ಕದಲ್ಲಿಯೇ ತನ್ನ ಉತ್ತರವನ್ನು ಅಚ್ಚುಹಾಕಿಸುವ ಹಕ್ಕು ಸಂಸ್ಥೆಗಿರಲಿ.

ಸರಕಾರಕ್ಕೂ ತನ್ನ ಇಷ್ಟಾನಿಷ್ಟಗಳಿಲ್ಲವೆ, ದಾನಿಗಳಿಗೂ ಅಭಿಮಾನವಿಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಇರುವುದು ನಿಜ. ಆದರೆ ಹಲವು ಕೈಗಳು ಕೂಡಿ ಕೊಟ್ಟ ಅನ್ನದಲ್ಲಿ ಯಾವೊಂದು ಕೈಯ ಬಿಗಿಯೂ ಪೂರ್ಣವಾಗಿರದು. ಇನ್ನೊಂದು ಆಕ್ಷೇಪವು ಇದಕ್ಕಿಂತ ಗುರುತರವಾದುದು. ಬರಗಾಲದ ಸೀಮೆಯಾದ ಈ ಜಿಲ್ಲೆಯಲ್ಲಿ ಕೆರೆಗೆ ನೀರಿಲ್ಲದಿರುವಾಗ ಕಡತಗಳಿಗೆ ಹಣವೆ ಎಂದು ರೈತನು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಕೆರೆಯ ಹಣವನ್ನು ಕಡತಕ್ಕೆ ತಿರುಗಿಸಬೇಕೆಂದು ನಾನು ಹೇಳಲಾರೆ. ಆದರೆ ಕೆರೆಯನ್ನು ಕಟ್ಟಿಸಿದವರಾರು, ಅದರ ತೂಬಿನ ನೀರು ಯಾವ ಗದ್ದೆಗಳಿಗೆ ಸಲ್ಲುತ್ತಿತ್ತು ಎಂಬುದು ಎಷ್ಟೋ ಕಡೆ ಶಾಸನದಲ್ಲಿಯೇ ಬರೆದಿರುವುದು. ಅದನ್ನು ಓದಬಲ್ಲವರು ಇಲ್ಲವಾದರೆ ರೈತನು ತನ್ನ ಹಕ್ಕಿನ ಒಂದು ಸಾಕ್ಷಿಯನ್ನು ಕಳೆದುಕೊಂಡಂತೆಯೇ.

ಇಷ್ಟನ್ನು ಸಮಾಜವು ಮಾಡಿದಲ್ಲಿ ವಿದ್ವಾಂಸನೂ ತನ್ನ ಋಣವನ್ನು ತೀರಿಸಬೇಕು. ಕಾಯಕ, ದಾಸೋಹಗಳೆಂಬ ಮಾತುಗಳು ಈ ಸೀಮೆಯ ಜನರಿಗೆ ಹೊಸವಲ್ಲ. ದುಡಿಯದೆ ಪಡೆದ ವೇತನವು ಕಾಯಕವಲ್ಲ. ಹಂಚದೆ ಇಟ್ಟುಕೊಂಡ ತಿಳಿವಳಿಕೆಯು ದಾಸೋಹವಲ್ಲ. ತಾನು ಕಂಡುದನ್ನು ಹೊರಗೆ ಪ್ರಕಟಿಸುವ ಮೊದಲು, ಯಾರ ಮನೆಯ ಕಡತವೋ ಅವರ ಮುಂದೆ ಕುಳಿತು, ಅವರಿಗೆ ತಿಳಿಯುವ ಕನ್ನಡದಲ್ಲಿ ವಿವರಿಸಬೇಕು. ಅವರ ಬಾಯಿಂದ ತಾನು ಕಲಿತುದನ್ನು ಅವರ ಹೆಸರಿನಲ್ಲಿಯೇ ಬರೆಯಬೇಕು. ತೆಗೆದ ಓಲೆಗರಿಯನ್ನು ತೆಗೆದ ಕಡೆಯಲ್ಲಿಯೇ ಇರಿಸಬೇಕು. ಅವಧಿ ಮುಗಿದು ಹೊರಡುವಾಗ, ತಾನಿಲ್ಲದೆಯೂ ಊರಿನ ಹುಡುಗನೊಬ್ಬನು ಬಳಸಬಲ್ಲಂತಹ ಪಟ್ಟಿಯೊಂದನ್ನು ಬಿಟ್ಟುಹೋಗಬೇಕು.

ಸಂಸ್ಥೆಗಳ ಹಿರಿಯರಲ್ಲಿ ಕಡೆಯದಾಗಿ ಒಂದು ವಿಜ್ಞಾಪನೆ. ಹೊಗಳುವವರು ನಮಗೆ ಎಂದೂ ಕಡಮೆಯಾಗಿಲ್ಲ. ಅವರಿಗೆ ಡಾಕ್ಟರೇಟ್ ಬೇಕಾಗಿಯೂ ಇಲ್ಲ. ಪ್ರೀತಿಯಿಂದ ಓದಿ, ಕಂಡುದನ್ನು ಕಂಡಂತೆ ಹೇಳುವವರು ವಿರಳ. ಅಂತಹವರಿಗೆ ಬಾಗಿಲನ್ನು ತೆರೆಯುವಾಗ ನಮ್ಮ ಮನಸ್ಸಿನಲ್ಲಿ ಸ್ವಲ್ಪ ಅಂಜಿಕೆಯಾಗುವುದು ಸಹಜ. ಆ ಅಂಜಿಕೆಯನ್ನು ಸಹಿಸಿಕೊಂಡು ಬಾಗಿಲನ್ನು ತೆರೆದವರೇ ವಿದ್ಯೆಗೆ ನಿಜವಾಗಿ ಅನ್ನವಿಕ್ಕಿದವರು.